ಪಾಷಾನ ಕುದುರೆ

ಜೂನ್ ೭, ೨೦೨೪. ಪುಚೊಂಗ್, ಮಲೇಷ್ಯಾ

ಕೋಪ ಆರಿಹೋಗುವ ಮೊದಲೇ ಬರೆದಿಡುತ್ತೇನೆ. ನನ್ನ ಸ್ವಭಾವ ನನಗೆ ಗೊತ್ತು. ನಾಲ್ಕು ದಿನ ಉರಿದು ಐದನೆಯ ದಿನ ‘ಹೋಗಲಿ ಬಿಡು’ ಅನ್ನುವ ಜಾತಿ ನಾನು. ಈ ಸಲ ಹಾಗಾಗಕೂಡದು. ಆರಿತು ಅನ್ನಿಸಿದಾಗ ಈ ಪುಟ ತೆಗೆದು ಓದಿ ಮತ್ತೆ ಹೊತ್ತಿಸಿಕೊಳ್ಳಬೇಕು.

ಇವತ್ತು ಮಧ್ಯಾಹ್ನ ಕಾಲೇಜಿನಲ್ಲಿ ಸಹೋದ್ಯೋಗಿ ಕೀರ್ತಿರಾಜ್ ನನ್ನ ಮೇಜಿನ ಮೇಲೆ ಒಂದು ಪುಸ್ತಕ ತಂದಿಟ್ಟ. ನುಣುಪು ರಟ್ಟು, ಬಣ್ಣದ ಚಿತ್ರಗಳು, ಒಳಗೆಲ್ಲ ಇಂಗ್ಲಿಷು. ಮೇಲೆ ದಪ್ಪ ಅಕ್ಷರದಲ್ಲಿ ಅವನ ಹೆಸರು. ಕೆಳಗೆ, ‘ನಜ್ ಸಿದ್ರ್: ನೈಲ್ ದಂಡೆಯ ಒಂದು ರೈತರ ಹಳ್ಳಿ, ಅದರ ಇತಿಹಾಸ ಮತ್ತು ನೋಡತಕ್ಕ ಜಾಗಗಳು.’

“ಬಿಡುಗಡೆ ಜುಲೈ ಇಪ್ಪತ್ತೈದಕ್ಕೆ, ದಾಮೋದರಣ್ಣ. ನಿಮಗೆ ಮಾತ್ರ ಮೊದಲೇ ಒಂದು ಕಾಪಿ,” ಅಂದ. ಒಳಪುಟದಲ್ಲಿ ‘ಪ್ರೀತಿಯಿಂದ’ ಎಂದು ಸಹಿ ಬೇರೆ.

ನಜ್ ಸಿದ್ರ್ ನನ್ನ ಊರು. ಹುಟ್ಟಿದ ಊರಲ್ಲ. ಹದಿನೈದು ವರ್ಷದ ಹಿಂದೆ, ಮಣಿಪಾಲದಲ್ಲಿದ್ದಾಗ, ಈಜಿಪ್ಟಿನ ದಕ್ಷಿಣಕ್ಕೆ ರೋಗದ ಸಮೀಕ್ಷೆಗೆಂದು ಹೋಗಿ ಕಾಲುವೆಗಳಲ್ಲಿ ಮೊಣಕಾಲುದ್ದ ನೀರಲ್ಲಿ ನಿಂತು, ಆ ರೋಗ ಹರಡುವ ಬಸವನಹುಳು ಹೆಕ್ಕಿದ ಊರು. ಎರಡು ವರ್ಷ ಅಲ್ಲಿದ್ದೆ. ಕೀರ್ತಿರಾಜ್ ಹೋದದ್ದು ಹೋದ ವರ್ಷ, ಐದು ದಿನ, ಕ್ಯಾಮರಾ ನೇತುಹಾಕಿಕೊಂಡು. ಐದು ದಿನಕ್ಕೆ ಇನ್ನೂರು ಪುಟ ಹುಟ್ಟುವುದಿಲ್ಲ. ಅವು ನನ್ನ ಪುಟಗಳು. ಲಾಕ್‌ಡೌನಿನಲ್ಲಿ “ಹೊತ್ತೇ ಹೋಗೂದಿಲ್ಲ ಅಣ್ಣ, ನಿಮ್ಮ ಈಜಿಪ್ಟಿನ ನೋಟ್‌ಬುಕ್ ಉಂಟಲ್ಲ, ಓದಿ ಕೊಡ್ತೇನೆ” ಎಂದು ಒಯ್ದವನು ಅವನು. ಎರಡು ಸಲ ವಾಪಸು ಕೇಳಿದೆ. ಮನೆ ಬದಲಿಸುವಾಗ ಕಳೆದುಹೋಯಿತು ಅಂದ. ನಾನು ಅದನ್ನು ಕನ್ನಡದಲ್ಲಿ ಬರೆದಿದ್ದೆ. ಈ ಕಾಲೇಜಿನಲ್ಲಿ ಕನ್ನಡ ಓದಲು ಬರುವುದು ನಮ್ಮಿಬ್ಬರಿಗೆ ಮಾತ್ರ. ಹಾಗಾಗಿ ಕಳ್ಳನನ್ನು ಹುಡುಕುವ ಕಷ್ಟವಿಲ್ಲ.

ಮೂವತ್ತೊಂದನೆಯ ಪುಟದಲ್ಲಿ ಪಾರಿವಾಳಗಳ ಮಣ್ಣಿನ ಗೋಪುರದ ವರ್ಣನೆ: ‘ಹುಲ್ಲಿನ ಹಗ್ಗದಲ್ಲಿ ಬಿಗಿದ ಅಕ್ಕಿಯ ಮುಡಿಗಳನ್ನು ಒಂದರ ಮೇಲೊಂದು ನಿಲ್ಲಿಸಿದಂತೆ.’ ಆ ಮುಡಿ ನನ್ನ ಅಜ್ಜನ ಮನೆಯ ಚಾವಡಿಯದ್ದು. ಅದನ್ನೂ ಬಿಡದೆ ಹೊತ್ತುಕೊಂಡು ಹೋಗಿದ್ದಾನೆ.

ಕೊನೆಯ ಪುಟದಲ್ಲಿ ಕೃತಜ್ಞತೆಗಳು. ಹದಿನೇಳನೆಯ ಹೆಸರು ನನ್ನದು. ‘ಡಾ. ದಾಮೋದರ, ಅನೇಕ ಕಪ್ ಚಹಾಕ್ಕಾಗಿ.’

ಚಹಾಕ್ಕಾಗಿ!

ಜೂನ್ ೮

ಬೆಳಿಗ್ಗೆಯಿಂದ ಮನೆಯಲ್ಲಿ ಎಲ್ಲರ ಮೇಲೂ ಹರಿಹಾಯ್ದೆ. ವೇದವತಿ ದೋಸೆ ಮಗುಚುತ್ತಾ, “ಅವನ ಹತ್ರ ಹೋಗಿ ಕೇಳಿ. ಇಲ್ಲಿ ಕೂತು ನನ್ನ ಚಟ್ನಿಗೆ ಉಪ್ಪು ಹೆಚ್ಚಾಯ್ತು ಅಂದ್ರೆ ಅವನಿಗೆ ಎಂತ ಆಗ್ತದೆ?” ಅಂದಳು. ಮಗಳು ಶ್ರೀಯಾ ಫೋನಿನಿಂದ ತಲೆ ಎತ್ತದೆ, “ಜಸ್ಟ್ ಎಕ್ಸ್‌ಪೋಸ್ ಹಿಮ್ ಲಾ, ಅಪ್ಪ,” ಅಂದಳು.

ಏನು ತೋರಿಸಿ ಎಕ್ಸ್‌ಪೋಸ್ ಮಾಡುವುದು? ನೋಟ್‌ಬುಕ್ ಅವನ ಹತ್ತಿರ. ಚಹಾ ಕುಡಿಸಿದ್ದಕ್ಕೆ ಮಾತ್ರ ದಾಖಲೆ ಇದೆ.

ಜೂನ್ ೯

ಸಿಕ್ಕಿಬಿದ್ದ! ಹೊಟ್ಟೆ ಹಿಡಿದುಕೊಂಡು ನಕ್ಕೆ. ಮೂರು ದಿನದಲ್ಲಿ ಮೊದಲ ಸಲ ಊಟ ರುಚಿಸಿತು.

ಹನ್ನೆರಡನೆಯ ಪುಟದಲ್ಲಿ ಊರಿನ ಹುಟ್ಟಿನ ಕತೆ ಇದೆ. ತುರ್ಕರ ಕಾಲದ ದೊಡ್ಡ ಅಧಿಕಾರಿ, ಒಬ್ಬ ಪಾಷಾ, ಬಾತುಕೋಳಿ ಬೇಟೆಗೆ ಬಂದು ಬಿಸಿಲಿಗೆ ತಲೆಸುತ್ತಿ ಬಿದ್ದನಂತೆ. ಎಲಚಿ ಮರದ ಕೆಳಗಿದ್ದ ಮುದುಕನೊಬ್ಬ ಅವನಿಗೆ ಮಜ್ಜಿಗೆ ಕೊಟ್ಟು ಬದುಕಿಸಿದನಂತೆ. ತನ್ನ ಕುದುರೆ ನಿಲ್ಲದೆ ಓಡಿದಷ್ಟು ನೆಲ ನಿನ್ನದು ಎಂದು ಪಾಷಾ ಅಂದನಂತೆ. ಕುದುರೆ ಓಡಿ ಓಡಿ ಸತ್ತ ಜಾಗದಲ್ಲಿ ಅದರ ಗೋರಿ. ಆ ಗೋರಿಯ ಮುಂದೆ ಕೈಕಟ್ಟಿ ನಿಂತ ಕೀರ್ತಿರಾಜನ ಚಿತ್ರ ಇಡೀ ಪುಟ ತುಂಬಿದೆ.

ಅದು ಹೊರಗಿನವರಿಗೆ ಹೇಳುವ ಕತೆ. ಯಾರು ಬಂದು ಕೇಳಿದರೂ, ಕತ್ತೆ ಮೇಲೆ ಕೂತ ಮಗುವಿನಿಂದ ಮಸೀದಿಯ ಮುದುಕರವರೆಗೆ, ಊರಿಗೆ ಊರೇ ಒಂದೇ ಮಾತಿನಲ್ಲಿ ಅದನ್ನು ಒಪ್ಪಿಸುತ್ತದೆ. ಕುದುರೆ ಮಾತ್ರ ಒಬ್ಬೊಬ್ಬರಿಗೆ ಒಂದೊಂದು. ಒಬ್ಬ ಕಂದು ಅಂದ, ಒಬ್ಬಳು ಕಪ್ಪು ಅಂದಳು, ಮತ್ತೊಬ್ಬ ಮೂರು ಕಾಲು ಬಿಳಿ ಅಂದ. ನನಗೂ ಮೊದಲ ವರ್ಷ ಇದನ್ನೇ ಹೇಳಿದ್ದರು. ಪೆದ್ದನ ಹಾಗೆ ಎಲ್ಲ ಬಣ್ಣಗಳನ್ನೂ ಬರೆದುಕೊಂಡಿದ್ದೆ. ಕೀರ್ತಿರಾಜ್ ಕದ್ದದ್ದು ಆ ಮೊದಲ ವರ್ಷದ ನೋಟ್‌ಬುಕ್. ‘ಕುದುರೆಯ ಬಣ್ಣದ ಬಗ್ಗೆ ಭಿನ್ನಾಭಿಪ್ರಾಯಗಳಿವೆ’ ಎಂದು ಅಡಿಟಿಪ್ಪಣಿ ಹಾಕಿದ್ದಾನೆ, ಮಹಾ ಪಂಡಿತ.

ಎರಡನೆಯ ನೋಟ್‌ಬುಕ್ ನನ್ನ ಕಪಾಟಿನಲ್ಲಿ, ಪ್ಯಾಂಟುಗಳ ಕೆಳಗೆ ಇದೆ.

ಜೂನ್ ೧೦

ಎರಡನೆಯದನ್ನು ಓದಿದೆ. ಹೀಗಾಗಿತ್ತು.

ನಾನು ಊಟ ಮಾಡುತ್ತಿದ್ದದ್ದು ಉಮ್ ಸಾಬಿರ್ ಎಂಬ ಹೆಂಗಸಿನ ಮನೆಯಲ್ಲಿ. ಎರಡನೆಯ ವರ್ಷ ಅವಳ ಗಂಡ ತೀರಿಕೊಂಡ. ಕಬ್ಬು ಕಟಾವಿನ ದಿನಗಳು, ಗಂಡಸರೆಲ್ಲ ದೂರದ ಗದ್ದೆಯಲ್ಲಿದ್ದರು. ಚಟ್ಟಕ್ಕೆ ಮೂವರು ಸಿಕ್ಕರು, ನಾಲ್ಕನೆಯವನು ಸಿಗಲಿಲ್ಲ. ನಾನು ಹೆಗಲು ಕೊಟ್ಟೆ. ಯಾರೂ ಬೇಡ ಅನ್ನಲಿಲ್ಲ. ಮೂರನೆಯ ದಿನ ಉಮ್ ಸಾಬಿರ್ ನನ್ನನ್ನು ಎಲಚಿ ಮರದ ಕೆಳಗೆ ಕೂರಿಸಿ, ಬಿಸಿಲಿನಲ್ಲಿ ಉಬ್ಬಿಸಿ ಸುಟ್ಟ ರೊಟ್ಟಿ ಮುರಿದು ಕೊಟ್ಟು, ನಿಜವಾದ ಕತೆ ಹೇಳಿದಳು. ಊರಿನ ಹೆಣಕ್ಕೆ ಹೆಗಲು ಕೊಟ್ಟವನಿಗೆ ಮಾತ್ರ ಅದನ್ನು ಹೇಳುವುದು ಅಲ್ಲಿಯ ರೂಢಿ.

ಪಾಷಾ ಇಲ್ಲ, ಮಜ್ಜಿಗೆ ಇಲ್ಲ. ಸುಯೆಜ್ ಕಾಲುವೆ ತೋಡಲು ಬಿಟ್ಟಿ ದುಡಿಮೆಗೆ ಎಳೆದೊಯ್ದವರಲ್ಲಿ ನಲವತ್ತು ಜನ ತಪ್ಪಿಸಿಕೊಂಡು ಬಂದು, ಯಾರಿಗೂ ಬೇಡದ ಆ ಪಾಳು ನೆಲದಲ್ಲಿ ಅಡಗಿದ್ದರು. ಆಹಾರ ತರಲು ಹೋದ ಇಬ್ಬರು, ಸಿಪಾಯಿಗಳ ಕೈಗೆ ಸಿಕ್ಕಿದರು. ಉಳಿದವರು ಎಲ್ಲಿ ಎಂದು ಕೇಳಿ ಕೇಳಿ ಹೊಡೆದರು. ಅವರು ಹೇಳಲಿಲ್ಲ. ಹೇಳದೆ ಸತ್ತರು. ಗೋರಿ ಆ ಇಬ್ಬರದ್ದು. ಯಾರಾದರೂ ಕೇಳಿದರೆ ಹೇಳಲು ಅವತ್ತು ಕಟ್ಟಿದ ಸುಳ್ಳೇ ಪಾಷಾನ ಕತೆ. ಈಗ ಯಾವ ಸಿಪಾಯಿಯೂ ಬರುವುದಿಲ್ಲ, ಆದರೂ ಸುಳ್ಳನ್ನು ಬಿಟ್ಟಿಲ್ಲ.

“ಕುದುರೆಗೆ ಬಣ್ಣ ಹಚ್ಚುವುದು ಊರಿನವರ ಹಕ್ಕು,” ಅಂದಳು ಉಮ್ ಸಾಬಿರ್. “ನಿನ್ನ ಕುದುರೆ ಯಾವ ಬಣ್ಣ?” ನನಗೆ ಏನೂ ಹೊಳೆಯಲಿಲ್ಲ. ನಕ್ಕಳು. ಹೊರಗಿನವರಿಗೆ ಹೇಳುವುದಿಲ್ಲ ಎಂದು ಅವಳ ಕೈಮೇಲೆ ಕೈಯಿಟ್ಟು ಮಾತು ಕೊಟ್ಟೆ.

ಇದೇ ತೊಡಕು. ಇಡೀ ಸಭೆಯ ಮುಂದೆ ಕೀರ್ತಿರಾಜನ ಮುಖಕ್ಕೆ ಮಸಿ ಬಳಿಯುವ ಮಾತು ನನ್ನ ಬಾಯಲ್ಲೇ ಇದೆ, ಆಡುವಂತಿಲ್ಲ.

ಜೂನ್ ೧೧

ದಾರಿ ಹೊಳೆಯಿತು. ಮಾತು ಕೊಟ್ಟವನು ನಾನು. ಇನ್ನೊಬ್ಬರ ಬಾಯಿಂದ ಬಂದರೆ ನನ್ನ ಮಾತು ಹೇಗೆ ಮುರಿದಂತಾಯಿತು?

ಉಮ್ ಸಾಬಿರ್‌ಳ ಮೊಮ್ಮಗಳು ಇಸ್ರಾ ಇಲ್ಲೇ, ಸೈಬರ್‌ಜಾಯದಲ್ಲಿ ಫಾರ್ಮಸಿ ಓದುತ್ತಿದ್ದಾಳೆ. ಬಂದ ಹೊಸದರಲ್ಲಿ ‘ಅಜ್ಜಿ ನಿಮ್ಮ ನಂಬರ್ ಕೊಟ್ಟಿದ್ದಾರೆ’ ಎಂದು ಮೆಸೇಜ್ ಮಾಡಿದ್ದಳು. ‘ಒಮ್ಮೆ ಸಿಗೋಣ’ ಎಂದು ಉತ್ತರಿಸಿದ್ದೆ. ಆಮೇಲೆ ಕೆಲಸ, ಅದು ಇದು, ಎರಡು ವರ್ಷ ಆಗಿಹೋಯಿತು. ಇವತ್ತು ಫೋನ್ ಮಾಡಿದೆ. ಪಾಪ, ಒಂದು ಮಾತೂ ಆಕ್ಷೇಪಿಸದೆ ಬನ್ನಿ ಅಂದಳು.

ಜೂನ್ ೧೬

ಇಸ್ರಾಳನ್ನು ಅವಳ ಹಾಸ್ಟೆಲಿನ ಹತ್ತಿರದ ಮಾಮಕ್ ಹೋಟೆಲಿನಲ್ಲಿ ಕಂಡೆ. ನಾನಲ್ಲಿದ್ದಾಗ ಬಾತುಗಳನ್ನು ಅಟ್ಟಿಸಿಕೊಂಡು ಓಡುತ್ತಿದ್ದ ಆರು ವರ್ಷದ ಹುಡುಗಿ. ಈಗ ಅಜ್ಜಿಯದೇ ಹುಬ್ಬು. ನಾವು ಮಾತಾಡಿದ್ದು ಇಂಗ್ಲಿಷಿನಲ್ಲಿ, ನಡುನಡುವೆ ನನ್ನ ಮುರುಕು ಅರಬಿ. ನನ್ನನ್ನು ‘ಅಮ್ಮೊ’ ಎಂದು ಕರೆಯುತ್ತಾಳೆ, ಚಿಕ್ಕಪ್ಪ ಎಂದು.

“ಅಜ್ಜಿ ಹೇಗಿದ್ದಾರೆ?” ಎಂದು ಕೇಳಿದೆ.

“ಹೋದ ಡಿಸೆಂಬರಲ್ಲಿ ಹೋದ್ರು, ಅಮ್ಮೊ. ನಿಮಗೆ ಮೆಸೇಜ್ ಹಾಕಿದ್ದೆ.”

ಹಾಕಿದ್ದಳು. ಮನೆಗೆ ಬಂದು ಹುಡುಕಿದೆ, ಇದೆ. ಅರಬಿಯಲ್ಲಿತ್ತು, ಯಾವುದೋ ಹಬ್ಬದ ಹಾರೈಕೆ ಎಂದುಕೊಂಡು ಕೈಮುಗಿದ ಚಿಹ್ನೆ ಕಳಿಸಿದ್ದೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಹೋಟೆಲಿನಲ್ಲಿ ಇಸ್ರಾಳನ್ನು, ನಿಮ್ಮ ಊರಿನದು ಏನು ಇಲ್ಲಿ ಸಿಗದೆ ಬೇಸರ ಎಂದು ಕೇಳಿದಾಗ, ಬಿಸಿಲ ರೊಟ್ಟಿ ಅಂದಿದ್ದಳು. ಅಂಗಡಿಯ ರೊಟ್ಟಿಗೆ ಬಿಸಿಲಿನ ಹುಳಿ ಇಲ್ಲವಂತೆ.

ಸರಿ. ಜುಲೈ ಇಪ್ಪತ್ತೈದಕ್ಕೆ ಅವಳು ಬರಬೇಕಾದರೆ ರೊಟ್ಟಿಯಿಂದಲೇ ಶುರುಮಾಡುವುದು ಜಾಣತನ.

ಜೂನ್ ೨೨

ಮೊದಲ ಪ್ರಯತ್ನ. ನಜ್ ಸಿದ್ರ್‌ನಲ್ಲಿ ಹಿಟ್ಟಿನ ಉಂಡೆಗಳನ್ನು ಮಣ್ಣಿನ ಬಿಲ್ಲೆಗಳ ಮೇಲಿಟ್ಟು ಮಾಳಿಗೆಯ ಬಿಸಿಲಲ್ಲಿ ಉಬ್ಬಿಸುತ್ತಾರೆ. ಇಲ್ಲಿ ಹೂಕುಂಡದ ಕೆಳಗಿನ ತಟ್ಟೆಗಳನ್ನು ತೊಳೆದು ಬಾಲ್ಕನಿಯಲ್ಲಿಟ್ಟೆ. ಮೂರು ಗಂಟೆಗೆ ಮಳೆ. ಎಲ್ಲ ಗಂಜಿ. ಕೀರ್ತಿರಾಜನ ಪುಸ್ತಕದಲ್ಲಿ ಈ ರೊಟ್ಟಿಗೆ ಒಂದು ಇಡೀ ಅಧ್ಯಾಯವಿದೆ, ಹಲ್ಕಟ್.

ಜೂನ್ ೩೦

ಎರಡನೆಯದು ಕಲ್ಲಾಯಿತು. ಮೂರನೆಯದು ಅತಿಯಾಗಿ ಹುಳಿ. ವೇದವತಿ, “ಸೇಡು ತೀರಿಸ್ಲಿಕ್ಕೆ ಮೈದಾ ಎಷ್ಟು ಕೇಜಿ ಬೇಕು ಅಂತ ಮೊದಲೇ ಹೇಳಿ, ಒಟ್ಟಿಗೇ ತರ್ತೇನೆ,” ಅಂದಳು. ಇವಳಿಗೆ ಎಲ್ಲ ತಮಾಷೆ.

ಬಿಸಿಲು ಒಂಬತ್ತಕ್ಕೆ ಬಂದರೆ ಹನ್ನೆರಡರೊಳಗೆ ಮುಗಿಸಬೇಕು. ಅರ್ಧ ಉಬ್ಬಿದಾಗ ತಿರುಗಿಸಿಡಬೇಕು. ಅಂಚಿಗೆ ಚಾಕುವಿನಿಂದ ಗೀರಿದರೆ ಕಿವಿಗಳು ಮೂಡುತ್ತವೆ. ಉಮ್ ಸಾಬಿರ್ ಗೀರುವಾಗ ಹೆಬ್ಬೆರಳನ್ನು ಒಳಕ್ಕೆ ಮಡಿಸುತ್ತಿದ್ದಳು. ಅದನ್ನು ಯಾವ ನೋಟ್‌ಬುಕ್ಕಿನಲ್ಲೂ ಬರೆದಿರಲಿಲ್ಲ, ಇವತ್ತು ಕೈಗೆ ನೆನಪಾಯಿತು. ಇಡೀ ಬೆಳಿಗ್ಗೆ ಕೀರ್ತಿರಾಜನನ್ನು ಬೈಯುವುದಕ್ಕೇ ಮರೆತಿದ್ದೆ. ಜೂನ್ ಏಳರ ಪುಟ ತೆಗೆದು ಓದಿದೆ.

ಜುಲೈ ೬

ಆರು ರೊಟ್ಟಿ ಒಯ್ದೆ. ಇಸ್ರಾ ಡಬ್ಬಿ ತೆರೆದು ಮೂಗು ಹತ್ತಿರ ತಂದಳು, ಒಂದನ್ನು ಪೂರ್ತಿ ತಿಂದಳು. ಆಮೇಲೆ ಊರಿನ ಸುದ್ದಿ ಹೇಳಿದಳು. ಕಬ್ಬಿನ ಪುಟ್ಟ ರೈಲು ಈಗ ವಾರಕ್ಕೆ ಎರಡೇ ಸಲ. ಎಮ್ಮೆ ತಿರುಗಿಸುತ್ತಿದ್ದ ನೀರಿನ ಚಕ್ರವನ್ನು ಬಂದವರಿಗೆ ತೋರಿಸಲು ಮಾತ್ರ ಇಟ್ಟುಕೊಂಡಿದ್ದಾರೆ. ಪಾರಿವಾಳದ ಗೋಪುರ ಒಂದು ಬಿದ್ದಿದೆ. ಎರಡು ಗಂಟೆ ಕೂತಿದ್ದೆ, ಬಂದ ಕೆಲಸ ನೆನಪಾದದ್ದು ಏಳುವಾಗ.

ಹೇಳಿದೆ. ಕಾಲೇಜಿನಲ್ಲಿ ನಿನ್ನ ಊರಿನ ಪುಸ್ತಕ ಬಿಡುಗಡೆ ಇದೆ, ಊರನ್ನು ಕಟ್ಟಿದವರು ಯಾರು ಎಂದು ನಾನು ಕೇಳುತ್ತೇನೆ, ನೀನು ಎದ್ದು ಉತ್ತರ ಹೇಳು.

“ನೀವು ಕೇಳ್ತೀರಾ, ಅಮ್ಮೊ? ಎಲ್ಲರ ಮುಂದೆ?”

“ಹೌದು.”

ಡಬ್ಬಿಯ ಮುಚ್ಚಳ ಹಾಕಿದಳು. “ಬರ್ತೇನೆ,” ಅಂದಳು.

ಗೆದ್ದೆ. ಕೀರ್ತಿರಾಜ್, ಇನ್ನು ಹತ್ತೊಂಬತ್ತು ದಿನ. ನಗು, ಫೋಟೊ ತೆಗೆಸಿಕೊ, ಹೊಸ ಕೋಟು ಹೊಲಿಸು.

ಜುಲೈ ೨೫

ಎಲ್ಲವನ್ನೂ ಬರೆಯುತ್ತೇನೆ.

ಕಾಲೇಜಿನ ಸಭಾಂಗಣ ತುಂಬಿತ್ತು. ಕೀರ್ತಿರಾಜ್ ನಿಜಕ್ಕೂ ಹೊಸ ಕೋಟಿನಲ್ಲಿದ್ದ. ನನ್ನ ವಾಕ್ಯಗಳನ್ನು ಒಂದೊಂದಾಗಿ ಪರದೆಯ ಮೇಲೆ ತೋರಿಸಿದ. ಅಕ್ಕಿಯ ಮುಡಿ ಬಂದಾಗ ‘ವಾಹ್’ ಅಂದರು. ಕಣ್ಣಿಗೆ ಕತ್ತಲೆ ಬರುವಷ್ಟು ಕೋಪ ಬಂತು. ಕುದುರೆಯ ಗೋರಿ ಬಂತು, ಮಜ್ಜಿಗೆ ಬಂತು, ಜನ ಕರಗಿದರು. ಇಸ್ರಾ ನನ್ನ ಪಕ್ಕದಲ್ಲಿ ಕೈಕಟ್ಟಿ ಕೂತಿದ್ದಳು.

ಪ್ರಶ್ನೆಗಳ ಹೊತ್ತಿಗೆ ಎದ್ದೆ. “ಊರನ್ನು ಕಟ್ಟಿದ್ದು ಪಾಷಾ ಎಂದು ಲೇಖಕರು ಬರೆದಿದ್ದಾರೆ. ಅದು ಖಚಿತವೇ? ಆ ಊರಿನ ಮಗಳೇ ಇಲ್ಲಿದ್ದಾಳೆ. ಅವಳಿಂದಲೇ ಕೇಳೋಣ,” ಅಂದೆ. ತಲೆಗಳೆಲ್ಲ ತಿರುಗಿದವು. ಕೀರ್ತಿರಾಜನ ಮುಖ ಬಿಳುಚಿಕೊಂಡಿತು. ಆ ಬಿಳುಪಿಗಾಗಿ ನಾನು ನಲವತ್ತೆಂಟು ದಿನ ಕಾದಿದ್ದೆ.

ಇಸ್ರಾ ಎದ್ದು ನಿಂತಳು. ಅವನನ್ನು ನೋಡಲಿಲ್ಲ, ನನ್ನನ್ನು ನೋಡಿದಳು.

“ಒಬ್ಬ ಪಾಷಾ ಇದ್ದ,” ಎಂದು ಶುರುಮಾಡಿದಳು. “ಬಾತುಕೋಳಿ ಬೇಟೆಗೆ ಬಂದಿದ್ದ.” ಬಿಸಿಲು, ಮರ, ಮುದುಕ, ಮಜ್ಜಿಗೆ. ಊರಿಗೆ ಊರೇ ಹೇಳುವ ಅದೇ ಮಾತುಗಳು, ಅದೇ ಕ್ರಮ. “ಕುದುರೆಗೆ ಒಂದು ಕಿವಿ ಹರಿದಿತ್ತು,” ಎಂದು ತನ್ನದೊಂದು ಸೇರಿಸಿ, “ಲೇಖಕರು ಸರಿಯಾಗಿ ಬರೆದಿದ್ದಾರೆ. ನಮ್ಮಲ್ಲಿಗೆ ಬಂದ ಅತಿಥಿಗಳಿಗೆಲ್ಲ ನಾವು ಹೇಳುವ ಕತೆ ಇದೇ,” ಎಂದು ನಕ್ಕು ಕೂತಳು.

ಚಪ್ಪಾಳೆ ನಿಲ್ಲಲೇ ಇಲ್ಲ. ಕೀರ್ತಿರಾಜ್ ವೇದಿಕೆಯಿಂದ ಇಳಿದು ಬಂದು ನನ್ನನ್ನು ತಬ್ಬಿಕೊಂಡ. “ಅಣ್ಣ, ಊರಿನವರನ್ನೇ ಕರ್ಕೊಂಡು ಬಂದ್ರಲ್ಲ ಮಾರಾಯ್ರೆ! ನನಗೆ ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಉಂಟಾ?” ಅವನ ಕೋಟಿನ ಹೊಸ ಬಟ್ಟೆಯ ವಾಸನೆ ನನ್ನ ಮೂಗಿಗೆ ಬಡಿಯಿತು. ಬಿಡಿಸಿಕೊಂಡು ಬಾಗಿಲಿನತ್ತ ನಡೆದೆ.

ಹೊರಗೆ ಕಾರಿನ ಹತ್ತಿರ ಇಸ್ರಾಳ ಮೇಲೆ ರೇಗಿದೆ. “ಅವನು ಕಳ್ಳ. ನಿನಗೆ ಗೊತ್ತಿಲ್ಲ. ನನ್ನ ಎರಡು ವರ್ಷವನ್ನು ಕದ್ದಿದ್ದಾನೆ.”

“ಇರಬಹುದು,” ಅಂದಳು. “ನಾನು ಎರಡು ವರ್ಷದಿಂದ ಇಲ್ಲಿದ್ದೇನೆ. ನೀವು ಬರಲಿಲ್ಲ. ಬಂದಾಗ ರೊಟ್ಟಿ ತಂದ್ರಿ. ನನಗೋಸ್ಕರ ಅಂದುಕೊಂಡೆ.”

ಅವಳು ನನ್ನ ಬಲಹೆಗಲನ್ನು ಒಂದು ಬೆರಳಿನಿಂದ ಮುಟ್ಟಿದಳು.

“ಅಜ್ಜನನ್ನು ಹೊತ್ತದ್ದು ಇದೇ ಹೆಗಲಲ್ವಾ? ಆ ಇಬ್ಬರಿಗೆ ಸಾಯೋ ತನಕ ಹೊಡೆದ್ರು, ಅವರು ಬಾಯಿ ಬಿಡಲಿಲ್ಲ. ನಿಮಗೆ ಯಾರು ಹೊಡೆದ್ರು, ಅಮ್ಮೊ?”

ಬಸ್ಸಿಗೆ ಹೋದಳು. ಕಾರಿನಲ್ಲಿ ಬಿಡುತ್ತೇನೆ ಎಂದರೂ ಕೇಳಲಿಲ್ಲ.

ಜುಲೈ ೨೬

ಕಾಲೇಜಿಗೆ ರಜೆ ಹಾಕಿದೆ. ಕೀರ್ತಿರಾಜನ ಮೇಲಿನ ಕೋಪ ಹಾಗೇ ಇದೆ. ಇಸ್ರಾಳ ಮೇಲೂ ಇದೆ.

ಜುಲೈ ೩೦

ಏನೂ ಇಲ್ಲ. ಬಲಹೆಗಲು ನೋವು. ವೇದವತಿ ಎಣ್ಣೆ ತಿಕ್ಕಿದಳು.

ಆಗಸ್ಟ್ ೩

ಇವತ್ತಿನ ರೊಟ್ಟಿ ಸರಿಯಾಯಿತು. ಕಿವಿಗಳು ನೆಟ್ಟಗೆ ನಿಂತವು. ಮೈದಾ ಉಳಿದಿತ್ತು, ಹಾಳಾಗಬಾರದು ಎಂದು ಮಾಡಿದ್ದು. ನಾಲ್ಕನ್ನು ಇಸ್ರಾಳ ಹಾಸ್ಟೆಲಿಗೆ ಕೊಟ್ಟು ಬಂದೆ. ಯಾವ ಕೆಲಸವನ್ನೂ ಹೇಳಲಿಲ್ಲ, ಹೇಳುವಂಥದ್ದು ಇರಲೂ ಇಲ್ಲ. ಅವಳು ಒಳಗೆ ಹೋಗಿ ಬಂದಳು. ಡಬ್ಬಿ ಖಾಲಿ ಕೊಡಬಾರದು ಎಂದು ಅದರ ತುಂಬ ಊರಿನ ಖರ್ಜೂರ ತುಂಬಿ ಕೊಟ್ಟಳು.

ಉಳಿದ ಎರಡು ರೊಟ್ಟಿಗಳನ್ನು ಶ್ರೀಯಾ ಒಬ್ಬಳೇ ಮುಗಿಸಿದಳು. “ವೆನ್ ಆರ್ ಯೂ ಮೇಕಿಂಗ್ ಅಗೇನ್?” ಎಂದು ಕೇಳುತ್ತಿದ್ದಳು.

ಆಗಸ್ಟ್ ೧೦

ಬೆಳಿಗ್ಗೆ ಹತ್ತಕ್ಕೆ ಕೀರ್ತಿರಾಜ್ ಮನೆಗೆ ಬಂದ. ನಾನು ಬಾಲ್ಕನಿಯಲ್ಲಿ ಹಿಟ್ಟು ತಿರುಗಿಸಿಡುತ್ತಿದ್ದೆ. ವೇದವತಿ ಕಣ್ಣಲ್ಲೇ ‘ಜಗಳ ಬೇಡ’ ಅಂದಳು.

ಚೀಲದಿಂದ ನನ್ನ ನೋಟ್‌ಬುಕ್ ತೆಗೆದು ಮೇಜಿನ ಮೇಲಿಟ್ಟ. “ಹಳೆ ಪೆಟ್ಟಿಗೆಯಲ್ಲಿತ್ತು ಅಣ್ಣ, ಈಗ ಸಿಕ್ಕಿತು,” ಅಂದ. ಪುಟಪುಟಕ್ಕೂ ಅವನ ಪೆನ್ಸಿಲ್ ಗೀಟುಗಳು. ನಾನು ಅವುಗಳನ್ನು ನೋಡಿದ್ದನ್ನು ಅವನೂ ನೋಡಿದ.

“ಆ ಹುಡುಗಿ ನಕ್ಕಳಲ್ಲ, ನನಗೆ ಆವತ್ತಿಂದ ನಿದ್ದೆ ಇಲ್ಲ ಮಾರಾಯ್ರೆ,” ಅಂದ. “ಅತಿಥಿಗಳಿಗೆ ಹೇಳುವ ಕತೆ ಅಂದಳು. ಅದರ ಅರ್ಥ ಎಂತ? ಎರಡನೇ ಪ್ರಿಂಟ್ ಬರ್ತಾ ಉಂಟು. ನೀವು ಎರಡು ವರ್ಷ ಇದ್ದವರು. ಬೇರೆ ಎಂತಾದ್ರೂ ಇದ್ರೆ ಹೇಳಿ. ರಟ್ಟಿನ ಮೇಲೆ ನಿಮ್ಮ ಹೆಸರು ಹಾಕ್ತೇನೆ. ನಿಮ್ಮದೇ ಮೊದಲು, ಆಮೇಲೆ ನಂದು.”

ನಾನು ಕೇಳಬೇಕೆಂದಿದ್ದ ಮಾತುಗಳೆಲ್ಲ ಅವನ ಬಾಯಿಂದಲೇ ಬಂದವು. ಕೈ ಹಿಟ್ಟಾಗಿತ್ತು. ತೊಳೆದುಕೊಂಡು ಬಂದು ಅವನ ಎದುರು ಕೂತೆ.

“ಹೆಸರೆಲ್ಲ ಬೇಡ. ಬೇರೆ ಎಂತ ಇಲ್ಲ. ಪಾಷಾನೇ,” ಅಂದೆ.

“ಹಾಗಾದ್ರೆ ಗೋರಿ? ನಿಜವಾಗಿ ಕುದುರೆಯದ್ದೇನಾ?”

ಅವನ ಮುಖ ನೋಡಿದೆ. ಇನ್ನು ಎಷ್ಟು ಸಲ ಅಚ್ಚಾದರೂ, ಎಷ್ಟು ಭಾಷೆಗೆ ಹೋದರೂ, ನಜ್ ಸಿದ್ರ್‌ನ ಮಕ್ಕಳು ಆ ಗೋರಿಯ ಮುಂದೆ ನಿಂತ ಇವನ ಚಿತ್ರ ನೋಡಿ ನಗುತ್ತಲೇ ಇರುತ್ತಾರೆ. ಎಲುಬಿನವರೆಗೆ ಹಾಯೆನಿಸಿತು.

“ಕುದುರೆಯದ್ದೇ,” ಅಂದೆ. “ಬೂದು ಬಣ್ಣದ್ದು. ಹಣೆ ಮೇಲೆ ಅಕ್ಕಿ ಕಾಳಿನಷ್ಟು ಬಿಳಿ ಮಚ್ಚೆ ಇತ್ತಂತೆ.”

“ಓ! ಇದು ನನಗೆ ಯಾರೂ ಹೇಳಿರ್ಲಿಲ್ಲ,” ಎಂದು ಕೀರ್ತಿರಾಜ್ ಪೆನ್ನು ತೆಗೆದು ಬರೆದುಕೊಂಡ.